ಮೆದೆ ಮಾರುವ ಮುಂಚೆ ಲೆಕ್ಕ ಹಾಕಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಹೈನುಗಾರರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಊರಿನಲ್ಲಿ ಒಂದು ಸಂಘ 25 ವರ್ಷ ನಡೆಯೋದು ಸಣ್ಣ ಮಾತಲ್ಲ. ದಿನಕ್ಕೆ ಎರಡು ಹೊತ್ತು ಅಂತ ಲೆಕ್ಕ ಹಾಕಿದರೆ ಈ ಡೇರಿಯ ಬಾಗಿಲು 18,000ಕ್ಕೂ ಮೇಲೆ ಸಲ ತೆರೆದಿದೆ. ಹಬ್ಬ ಇರಲಿ, ಸಾವಿರಲಿ, ಚುನಾವಣೆ ಇರಲಿ, ಹಸು ಹಾಲು ಕೊಡೋದು ನಿಲ್ಲಿಸಲ್ಲ, ಡೇರಿ ಬಾಗಿಲು ಹಾಕಲ್ಲ. ಇದನ್ನು ನಡೆಸಿಕೊಂಡು ಬಂದ ನಿಮಗೆಲ್ಲ ಮೊದಲು ಅಭಿನಂದನೆ.

ನಾನು ಪಶುವೈದ್ಯ ಇಲಾಖೆಯಲ್ಲಿ ಪರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಸೈಕಲ್ ಮೇಲೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಈ ಕಡೆ ಊರುಗಳನ್ನೆಲ್ಲ ಸುತ್ತಿದ್ದೇನೆ. ನೀವು ಪ್ರೀತಿಯಿಂದ "ದನದ ಡಾಕ್ಟ್ರು" ಅಂತ ಕರೆದಿದ್ದೀರಿ. ನಿಜವಾಗಿ ನಾನು ಡಾಕ್ಟರಲ್ಲ. ಆದರೆ ಸಾವಿರಾರು ಕೊಟ್ಟಿಗೆ ನೋಡಿದ್ದೇನೆ, ಈಗ ನನ್ನದೇ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಇದ್ದೇನೆ. ಇವತ್ತು ನನಗೆ ಕೊಟ್ಟಿರುವ ವಿಷಯ "ಒಣಮೇವು". ಹಾರ ತುರಾಯಿ ಹಾಕಿದ ಸಭೆಯಲ್ಲಿ ಹುಲ್ಲಿನ ವಿಷಯವಾ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಈ ಬೆಳ್ಳಿಹಬ್ಬ ನಿಂತಿರೋದೇ ಹುಲ್ಲಿನ ಮೇಲೆ.

ಫ್ಯಾಟ್ ಯಾಕೆ ಬರಲ್ಲ?

ಡೇರಿ ಮುಂದೆ ದಿನಾ ಕೇಳುವ ಮಾತು ಒಂದಿದೆ. "ನಮ್ಮ ಹಾಲಿಗೆ ಫ್ಯಾಟೇ ಬರ್ತಿಲ್ಲ, ಮಿಷನ್ ಸರಿ ಇಲ್ಲ." ಒಂದೊಂದು ಸಲ ಮಿಷನ್ ಕೈಕೊಡಬಹುದು. ಆದರೆ ನೀವು ಒಮ್ಮೆ ಕೊಟ್ಟಿಗೆಗೆ ಹೋಗಿ ಗೋದಲಿ ನೋಡಿ. ಒಂದು ಹೊರೆ ಎಳೆಯ ಹಸಿ ಹುಲ್ಲು, ಎರಡು ಹೊತ್ತು ಹಿಂಡಿ, ಬೂಸ. ಒಣಮೇವು ಒಂದು ಹಿಡಿಯೂ ಇರಲ್ಲ.

ಹಸುವಿನ ಹೊಟ್ಟೆ ನಮ್ಮ ಹೊಟ್ಟೆಯ ಹಾಗಲ್ಲ. ಅದಕ್ಕೆ ನಾಲ್ಕು ಭಾಗ. ಮೊದಲನೆಯ ದೊಡ್ಡ ಚೀಲದಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳಿವೆ. ನಾವು ಹುಲ್ಲು ಹಾಕೋದು ಹಸುವಿಗೆ, ಮೊದಲು ತಿನ್ನೋದು ಆ ಜೀವಾಣುಗಳು. ಅವು ನಾರನ್ನು ಕೊಳೆಸಿ ಒಂದು ಬಗೆಯ ಹುಳಿ ರಸ ಮಾಡುತ್ತವೆ. ಅದು ರಕ್ತಕ್ಕೆ ಸೇರಿ ಕೆಚ್ಚಲಿಗೆ ಹೋಗಿ ಹಾಲಿನ ಜಿಡ್ಡಾಗುತ್ತೆ. ಅಂದರೆ ಫ್ಯಾಟಿನ ಬೇರು ನಾರಿನಲ್ಲಿದೆ. ನಾರು ಇಲ್ಲದೆ ಹಿಂಡಿ ಎಷ್ಟು ಸುರಿದರೂ ಹಾಲು ಏರಬಹುದು, ಫ್ಯಾಟ್ ಇಳಿಯುತ್ತೆ.

ಇನ್ನೊಂದು ವಿಷಯ ಮೆಲುಕು. ಉದ್ದನೆಯ ಒಣಮೇವು ತಿಂದ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತೆ. ಮೆಲುಕು ಹಾಕಿದಷ್ಟೂ ಜೊಲ್ಲು ಬರುತ್ತೆ. ದೊಡ್ಡ ಸೀಮೆಹಸುವಿಗೆ ದಿನಕ್ಕೆ 100 ಲೀಟರಿನಷ್ಟು ಜೊಲ್ಲು ಹೊಟ್ಟೆಗೆ ಇಳಿಯುತ್ತೆ ಅಂದರೆ ನಂಬುತ್ತೀರಾ? ಆ ಜೊಲ್ಲಿನಲ್ಲಿ ಸೋಡಾದ ಅಂಶ ಇದೆ. ಹೊಟ್ಟೆಯ ಹುಳಿ ಹೆಚ್ಚಾಗದ ಹಾಗೆ ಅದು ತಡೆಯುತ್ತೆ. ಮದುವೆ ಮನೆಯ ಉಳಿದ ಅನ್ನ ಹಾಕಿ ಹಸು ಮಲಗಿಬಿಟ್ಟಿತು ಅಂತ ಮಧ್ಯರಾತ್ರಿ ನನ್ನನ್ನು ಎಬ್ಬಿಸಿದವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳಲ್ಲ. ಅದೆಲ್ಲ ಹುಳಿ ಏರಿದ ಕತೆ. ಮಲಗಿದ ಹಸುವನ್ನು ನೋಡಿದರೆ ಗೊತ್ತಾಗುತ್ತೆ. ಮಲಗಿ ಮೆಲುಕು ಹಾಕುತ್ತಾ ಇದ್ದರೆ ಹೊಟ್ಟೆ ಸರಿಯಿದೆ. ಸುಮ್ಮನೆ ಮುಖ ಜೋಲುಹಾಕಿ ಮಲಗಿದ್ದರೆ ನಿಮ್ಮ ಮೇವಿನ ಕಡೆ ನೀವೇ ನೋಡಿಕೊಳ್ಳಬೇಕು.

ಒಣಗಿದ ಹುಲ್ಲೇ ಬೇರೆ, ಒಣಗಿಸಿದ ಹುಲ್ಲೇ ಬೇರೆ

ಒಣಮೇವು ಅಂದ ತಕ್ಷಣ ನಮಗೆ ನೆನಪಾಗೋದು ರಾಗಿ ಹುಲ್ಲು, ಭತ್ತದ ಹುಲ್ಲು, ಜೋಳದ ಸಪ್ಪೆ. ಇವು ಕಾಳು ಬಲಿತ ಮೇಲೆ ಉಳಿದ ಹುಲ್ಲು. ಗಿಡ ತನ್ನ ಸತ್ವವನ್ನೆಲ್ಲ ಕಾಳಿಗೆ ಕೊಟ್ಟು ಮುಗಿಸಿರುತ್ತೆ. ಇದರಲ್ಲಿ ಹೊಟ್ಟೆ ತುಂಬುವ ನಾರಿದೆ, ಸಸಾರಜನಕ ಮಾತ್ರ ನೂರಕ್ಕೆ ಮೂರು ನಾಲ್ಕು ಪಾಲು ಅಷ್ಟೆ. ಹಾಗಂತ ರಾಗಿ ಹುಲ್ಲನ್ನು ಹಗುರ ಮಾಡಬೇಡಿ. ಭತ್ತದ ಹುಲ್ಲಿಗಿಂತ ಅದರಲ್ಲಿ ಸುಣ್ಣದ ಅಂಶ ಹೆಚ್ಚು, ದನ ಇಷ್ಟಪಟ್ಟು ತಿನ್ನುತ್ತೆ. ನಮ್ಮ ಹಿರಿಯರು ಹೊಸ ರಾಗಿ ತಳಿ ಬಂದರೆ "ಇಳುವರಿ ಎಷ್ಟು" ಅಂತ ಕೇಳಿ ಸುಮ್ಮನಾಗುತ್ತಿರಲಿಲ್ಲ, "ಹುಲ್ಲು ಹೆಂಗೆ" ಅಂತಲೂ ಕೇಳುತ್ತಿದ್ದರು. ಸಂಸಾರದಲ್ಲಿ ದನವನ್ನೂ ಸೇರಿಸಿಕೊಂಡವರ ಪ್ರಶ್ನೆ ಅದು.

ಇನ್ನೊಂದು ಬಗೆಯ ಒಣಮೇವಿದೆ. ಗಿಡ ಹಸಿರಾಗಿ ಹೂವು ಬಿಡುವ ಹೊತ್ತಿಗೆ, ಕಾಳಿಗೆ ಕಾಯದೆ, ಮೇವಿಗಾಗಿಯೇ ಕೊಯ್ದು ಬಿಸಿಲು ಗಾಳಿಯಲ್ಲಿ ಒಣಗಿಸಿ ಇಟ್ಟುಕೊಳ್ಳೋದು. ಇದಕ್ಕೆ ಇಂಗ್ಲಿಷಿನಲ್ಲಿ "ಹೇ" ಅಂತಾರೆ. ಕೇಳಿದರೆ ಯಾರನ್ನೋ ಕೂಗಿ ಕರೆದ ಹಾಗಿದೆ. ಇರಲಿ, ನಾನೂ ಹೇ ಹುಲ್ಲು ಅಂತಲೇ ಹೇಳುತ್ತೇನೆ. ಇದರಲ್ಲಿ ಸತ್ವ ಇನ್ನೂ ಎಲೆಯಲ್ಲೇ ಇರುತ್ತೆ. ಒಳ್ಳೆಯ ಕುದುರೆಮಸಾಲೆ ಸೊಪ್ಪಿನ ಹೇ ಹುಲ್ಲಿನಲ್ಲಿ ಸಸಾರಜನಕ ನೂರಕ್ಕೆ 15ಕ್ಕೂ ಮೇಲೆ. ಅಂದರೆ ಒಂದು ಕಿಲೋ ಅದು, ಸಸಾರಜನಕದ ಲೆಕ್ಕದಲ್ಲಿ ನಾಲ್ಕು ಕಿಲೋ ಭತ್ತದ ಹುಲ್ಲಿಗೆ ಸಮ. ಅಲಸಂದೆ, ಹುರುಳಿ, ಅವರೆ ಬಳ್ಳಿ ಹೂವಿನ ಹಂತದಲ್ಲಿ ಒಣಗಿಸಿದರೂ ಬಲು ಒಳ್ಳೆಯ ಮೇವು. ಕಡಲೆಕಾಯಿ ಕಿತ್ತ ಮೇಲೆ ಉಳಿಯುವ ಬಳ್ಳಿಯನ್ನೂ ಹಸಿರಿರುವಾಗಲೇ ಒಣಗಿಸಿದರೆ ಅದೂ ಹೇ ಹುಲ್ಲಿಗೆ ಹತ್ತಿರದ್ದೇ.

ಬೇಸಿಗೆ ಮೇವಿನ ಯೋಚನೆ ನಮಗೆ ಹೊಸದೇನಲ್ಲ. ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗೆ ಕಾವಲುಗಳಿದ್ದವು. ಅವನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಅಂತ ವಿಂಗಡಿಸಿದ್ದರು. ಬೇಸಿಗೆಗೆ ಅಂತ ಇಟ್ಟ ಕಾವಲನ್ನು ಬೇಸಿಗೆಗೇ ಉಳಿಸುತ್ತಿದ್ದರು. ನಮಗೆ ಅಷ್ಟು ದೊಡ್ಡ ಕಾವಲಿಲ್ಲ, ಗೋಮಾಳವೂ ಕರಗಿಹೋಯಿತು. ಈಗ ನಮ್ಮ ಬೇಸಿಗೆ ಕಾವಲು ಅಂದರೆ ನಮ್ಮ ಹಿತ್ತಿಲ ಮೆದೆ.

ಯಾವಾಗ ಕೊಯ್ಯಬೇಕು?

ಹೇ ಹುಲ್ಲು ಮಾಡೋದರಲ್ಲಿ ಅರ್ಧ ಕೆಲಸ ಕುಡುಗೋಲು ಯಾವತ್ತು ಹಿಡಿಯಬೇಕು ಅನ್ನೋದರಲ್ಲೇ ಇದೆ. ಎಳೆಯದಾಗಿ ಕೊಯ್ದರೆ ನೀರೇ ಹೆಚ್ಚು, ಒಣಗಿದ ಮೇಲೆ ಕೈಗೆ ಏನೂ ಸಿಗಲ್ಲ. ಬಲಿತ ಮೇಲೆ ಕೊಯ್ದರೆ ದಂಟು ಕಟ್ಟಿಗೆಯಾಗಿರುತ್ತೆ. ಹುಲ್ಲಿನ ಜಾತಿಯವು ತೆನೆ ಹೊರಡುವ ಹೊತ್ತಿಗೆ, ಬಳ್ಳಿ ಸೊಪ್ಪಿನ ಜಾತಿಯವು ಹೂವು ಬಿಡಲು ಶುರುವಾದಾಗ ಕೊಯ್ಯಬೇಕು. ನಮ್ಮ ಜನಕ್ಕೆ ಆಸೆ. "ಇನ್ನೊಂದು ವಾರ ಬಿಟ್ಟರೆ ಇನ್ನೊಂದು ಹೊರೆ ಬರುತ್ತೆ" ಅಂತಾರೆ. ಹೊರೆ ಬರುತ್ತೆ, ಸತ್ವ ಹೋಗುತ್ತೆ.

ಎಲ್ಲ ಬೆಳೆಯೂ ಇದಕ್ಕೆ ಒಗ್ಗಲ್ಲ. ನೇಪಿಯರ್, ಮೆಕ್ಕೆಜೋಳದ ದಪ್ಪ ದಂಟು ಒಣಗೋದು ನಿಧಾನ, ಒಳಗೆ ನೀರು ಉಳಿದು ಬೂಷ್ಟು ಬರುತ್ತೆ. ಅವಕ್ಕೆ ಗುಂಡಿಯಲ್ಲಿ ತುಳಿದು ಮಾಡುವ ರಸಮೇವೇ ವಾಸಿ. ಹೇ ಹುಲ್ಲಿಗೆ ಸಣ್ಣ ದಂಟಿನ ಹುಲ್ಲು, ಕುದುರೆಮಸಾಲೆ, ಅಲಸಂದೆ, ಹುರುಳಿ, ನೀರಿದ್ದವರು ಚಳಿಗಾಲದಲ್ಲಿ ಓಟ್ಸ್ ಹಾಕಿಕೊಳ್ಳಬಹುದು.

ಇನ್ನು ಮಳೆಯ ಲೆಕ್ಕ. ಮುಂಗಾರಿನಲ್ಲಿ ಹುಲ್ಲು ಸಮೃದ್ಧ, ಆದರೆ ಮೋಡ, ಜಡಿ ಮಳೆ, ಒಣಗಿಸಲು ಬಿಸಿಲಿಲ್ಲ. ಆದ್ದರಿಂದ ಉತ್ತರೆ, ಹಸ್ತ ಮಳೆಯ ಹದದಲ್ಲಿ ಅಲಸಂದೆಯನ್ನೋ ಹುರುಳಿಯನ್ನೋ ಚೆಲ್ಲಿ. ದೀಪಾವಳಿ ಕಳೆದು ಸ್ವಾತಿ, ವಿಶಾಖೆ ಮಳೆ ಹಿಂದೆಗೆಯುವ ಹೊತ್ತಿಗೆ ಅದು ಹೂವಿಗೆ ಬರುತ್ತೆ. ಆಗ ಒಣ ಗಾಳಿ, ತಿಳಿ ಬಿಸಿಲು. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆಯಲ್ಲ, ಅದು ರಾಗಿಗೆ ಮಾತ್ರ ಹೇಳಿದ್ದಲ್ಲ.

ಒಣಗಿಸುವ ಬಗೆ

ಹಸಿ ಮೇವಿನಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು. ಅದನ್ನು 15ಕ್ಕಿಂತ ಕೆಳಗೆ ಇಳಿಸಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿ. ನಾಲ್ಕೈದು ಅಂಗುಲ ದಪ್ಪಕ್ಕಿಂತ ಹೆಚ್ಚಾಗದ ಹಾಗೆ ಹರಡಿ. ಮೊದಲ ದಿನ ಎರಡು ಮೂರು ಸಲ ಮಗುಚಿ. ಸೊಪ್ಪು ಬಾಡಿ ಅರ್ಧ ಒಣಗಿದ ಮೇಲೆ ಸಾಲು ಮಾಡಿ, ಆಮೇಲೆ ಸಣ್ಣ ಸಣ್ಣ ಗುಪ್ಪೆ ಮಾಡಿ ಬಿಡಿ. ಗುಪ್ಪೆಯ ಒಳಗೆ ಗಾಳಿಯಲ್ಲಿ ನಿಧಾನವಾಗಿ ಒಣಗಲಿ. ಪೂರ್ತಿ ಉರಿ ಬಿಸಿಲಿನಲ್ಲಿ ನಾಲ್ಕು ದಿನ ಬಿಟ್ಟರೆ ಹುಲ್ಲು ಬಿಳಿಚಿಕೊಳ್ಳುತ್ತೆ. ಆ ಹಸಿರು ಬಣ್ಣದ ಜೊತೆಗೇ ಇರೋದು ಎ ಜೀವಸತ್ವದ ಮೂಲ. ಹಸಿರು ಹೋದರೆ ಅದೂ ಹೋಯಿತು.

ಅಲಸಂದೆ, ಕುದುರೆಮಸಾಲೆಯಲ್ಲಿ ಇನ್ನೊಂದು ಎಚ್ಚರ. ಸಸಾರಜನಕದ ಹೆಚ್ಚು ಪಾಲು ಇರೋದು ಎಲೆಯಲ್ಲಿ. ದಂಟು ಒಣಗುವ ಮುಂಚೆ ಎಲೆ ಒಣಗಿ ಗರಿಗರಿಯಾಗುತ್ತೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಮಗುಚಿದರೆ ಎಲೆಯೆಲ್ಲ ಪುಡಿಯಾಗಿ ನೆಲದ ಪಾಲು. ನೀವು ಮನೆಗೆ ಹೊತ್ತು ತರೋದು ಬರೀ ಕಡ್ಡಿ. ಅದಕ್ಕೇ ಎರಡನೆಯ ದಿನದಿಂದ ಬೆಳಿಗ್ಗೆ, ಸ್ವಲ್ಪ ತೇವ ಇರುವಾಗ, ಮೆತ್ತಗೆ ಮಗುಚಬೇಕು. ಮಗುವನ್ನು ತೊಟ್ಟಿಲಲ್ಲಿ ಮಗ್ಗುಲು ಬದಲಿಸಿದ ಹಾಗೆ.

ನೆಲ ತೇವ ಇದ್ದರೆ ಮೂರು ಗಳು ತುದಿ ಸೇರಿಸಿ ಕಟ್ಟಿ ನಿಲ್ಲಿಸಿ, ಅದರ ಮೇಲೆ ಹೊದಿಸಿ ಒಣಗಿಸಬಹುದು. ಕೆಳಗಿನಿಂದ ಗಾಳಿ ಆಡುತ್ತೆ. ಈಗ ಎಷ್ಟೋ ಮನೆಗೆ ತಾರಸಿ ಬಂದಿದೆ. ಒಂದೆರಡು ಗುಂಟೆಯ ಸೊಪ್ಪು ಒಂದು ತಾರಸಿಯಲ್ಲಿ ಚೆನ್ನಾಗಿ ಒಣಗುತ್ತೆ. ಸ್ವಲ್ಪ ಸ್ವಲ್ಪವೇ ಕೊಯ್ದು ಒಣಗಿಸಿ. ಒಂದೇ ದಿನ ಎಲ್ಲಾ ಕೊಯ್ದು ಮೋಡ ಕವಿದರೆ ತಲೆ ಮೇಲೆ ಕೈ.

ಒಣಗಿದೆಯೋ ಇಲ್ಲವೋ ನೋಡಲು ಮಿಷನ್ ಬೇಡ. ಒಂದು ಹಿಡಿ ತೆಗೆದು ಹಗ್ಗದ ಹಾಗೆ ಹೊಸೆಯಿರಿ. ಒಣಗಿದ್ದರೆ ಕೆಲವೇ ಸುತ್ತಿಗೆ ಮುರಿಯುತ್ತೆ. ದಂಟಿನ ಮೇಲೆ ಉಗುರಿನಿಂದ ಕೆರೆಯಿರಿ. ಸಿಪ್ಪೆ ಹಸಿಯಾಗಿ ಸುಲಿದು ಬಂದರೆ ಇನ್ನೂ ಒಂದು ದಿನ ಬೇಕು. ಇನ್ನೊಂದು ದಾರಿ: ಕೊಯ್ದ ದಿನ 10 ಕಿಲೋ ಹಸಿ ಮೇವು ತೂಗಿ ಬೇರೆ ಹರಡಿ. ಅದು ಎರಡೂವರೆ ಕಿಲೋ ಆಸುಪಾಸಿಗೆ ಬಂದಾಗ ಉಳಿದದ್ದೂ ಒಣಗಿದೆ ಅಂತ ತಿಳಿಯಿರಿ.

ಒದ್ದೆ ಮೆದೆಯ ಬೆಂಕಿ

ನನ್ನ ಕೆಲಸದ ದಿನಗಳಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ. ಊರು ಬೇಡ, ಹೆಸರು ಬೇಡ. ಒಬ್ಬ ರೈತರು ಕೆರೆ ಅಂಗಳದ ಹುಲ್ಲು ಕೊಯ್ದು, ಮಳೆ ಬರುವ ಹಾಗಿದೆ ಅಂತ ಅರೆ ಒಣಗಿದ್ದನ್ನೇ ತಂದು ಮೆದೆ ಒಟ್ಟಿದರು. ಮೂರು ವಾರ ಕಳೆದು ಒಂದು ರಾತ್ರಿ ಮೆದೆಗೆ ಬೆಂಕಿ. ಪಕ್ಕದ ಮನೆಯವರೊಂದಿಗೆ ಬದುವಿನ ಜಗಳ ಇತ್ತು. "ಅವನೇ ಇಟ್ಟ" ಅಂತ ಇವರು, "ನನ್ನ ಮಕ್ಕಳಾಣೆ ಇಟ್ಟಿಲ್ಲ" ಅಂತ ಅವರು. ಪೊಲೀಸ್ ಠಾಣೆವರೆಗೂ ಹೋಯಿತು. ಮಾರನೆಯ ದಿನ ಅವರ ಹಸುವಿಗೆ ಚಿಕಿತ್ಸೆ ಮಾಡಲು ಹೋದವನು ನಾನು ಉಳಿದ ಮೆದೆ ಬಗೆದು ನೋಡಿದೆ. ಹೊರಗಡೆ ಹುಲ್ಲು ಹಳದಿಯಾಗೇ ಇದೆ. ಒಳಗಡೆ ಕಾಫಿಪುಡಿಯಂತೆ ಕಪ್ಪಾಗಿದೆ, ಹೊಗೆಸೊಪ್ಪಿನ ವಾಸನೆ. ಬೆಂಕಿ ಒಳಗಿನಿಂದ ಹುಟ್ಟಿತ್ತು. ಯಾರೂ ಇಟ್ಟಿರಲಿಲ್ಲ.

ಹಸಿ ಹುಲ್ಲು ಕೊಯ್ದ ಮೇಲೂ ಉಸಿರಾಡುತ್ತೆ. ತೇವ ಇದ್ದರೆ ಜೊತೆಗೆ ಜೀವಾಣುಗಳು ಬೆಳೆದು ಶಾಖ ಹುಟ್ಟುತ್ತೆ. ದೊಡ್ಡ ಮೆದೆಯಲ್ಲಿ ಆ ಶಾಖಕ್ಕೆ ಹೊರಗೆ ಬರಲು ದಾರಿ ಇಲ್ಲ. ಏರಿ ಏರಿ ಕೊನೆಗೆ ತಾನೇ ಹೊತ್ತಿಕೊಳ್ಳುತ್ತೆ. ನಾನು ವಿವರಿಸಿ ಹೇಳಿದೆ. ಅರ್ಧ ನಂಬಿದರು, ಅರ್ಧ ನಂಬಲಿಲ್ಲ. ಆ ಎರಡು ಮನೆಯವರು ಮತ್ತೆ ಮಾತಾಡಲು ಬಹಳ ವರ್ಷ ಬೇಕಾಯಿತು. ಒಂದು ದಿನದ ಬಿಸಿಲು ಉಳಿಸಿಕೊಳ್ಳಲು ಹೋಗಿ ಅಷ್ಟು ವರ್ಷದ ನೆರೆಹೊರೆ ಸುಟ್ಟುಹೋಯಿತು. ನಿಮಗೆ ಅನುಮಾನ ಬಂದರೆ ಒಂದು ಕಬ್ಬಿಣದ ಸಲಾಕೆಯನ್ನು ಮೆದೆಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ ಇದ್ದರೆ ನಾಲ್ಕು ಜನರನ್ನು ಕರೆದು, ನೀರು ಪಕ್ಕದಲ್ಲಿಟ್ಟುಕೊಂಡು, ಮೆದೆ ಬಿಚ್ಚಿ.

ಬೆಂಕಿ ಅಪರೂಪ, ಬೂಷ್ಟು ಮನೆಮನೆಯ ಕತೆ. ಉತ್ತರ ಭಾರತದ ಭತ್ತದ ಸೀಮೆಯಲ್ಲಿ ಬೂಷ್ಟು ಹಿಡಿದ ಹುಲ್ಲು ತಿಂದ ಎಮ್ಮೆಗಳಿಗೆ ಬಾಲ, ಕಿವಿ ತುದಿ, ಗೊರಸಿನ ಭಾಗ ಕೊಳೆತು ಬೀಳುವ ರೋಗ ಬರುತ್ತೆ. ಅದಕ್ಕೆ ದೇಗ್ನಾಲ ಅಂತ ಹೆಸರು. ಇನ್ನು ಕೆಲವು ಬೂಷ್ಟಿನ ವಿಷ ಹಾಲಿಗೇ ಇಳಿಯುತ್ತೆ. ಅದು ಅಫ್ಲಟಾಕ್ಸಿನ್. 2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತು. ಆರೋಗ್ಯಕ್ಕೆ ಅಪಾಯ ತರುವ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಈ ಬೂಷ್ಟಿನ ವಿಷ ಮಿತಿ ಮೀರಿದ್ದು 368ರಲ್ಲಿ. ಹಾಲಿಗೆ ಯಾರು ಏನು ಬೆರೆಸಿದರು ಅಂತ ನಾವು ಹುಡುಕುತ್ತೇವೆ. ನಮಗೆ ಗೊತ್ತಿಲ್ಲದೆ ನಮ್ಮ ಗೋದಲಿಯಲ್ಲೇ ಬೆರೆತುಹೋಗಿರುತ್ತೆ. ಕುದಿಸಿದರೂ ಅದು ಹೋಗಲ್ಲ. ಹುಲ್ಲಿನಲ್ಲಿ ಬಿಳಿ, ಕಪ್ಪು ಮಚ್ಚೆ, ಮುಗ್ಗು ವಾಸನೆ ಕಂಡರೆ ದಯವಿಟ್ಟು ತಿಪ್ಪೆಗೆ ಹಾಕಿ. "ದಂಡ ಆಗುತ್ತಲ್ಲ" ಅಂತ ಗಬ್ಬದ ಹಸುವಿನ ಮುಂದೆ ಹಾಕಬೇಡಿ.

ಮೆದೆ ಒಟ್ಟುವಾಗ ತಳಕ್ಕೆ ಕಲ್ಲು ಜೋಡಿಸಿ, ಮೇಲೆ ಮರದ ಕೊಂಬೆ ಹಾಸಿ ಒಂದಡಿ ಎತ್ತರ ಮಾಡಿ. ನಡುವೆ ಉಬ್ಬಿರಲಿ, ನೀರು ಜಾರಿ ಹೋಗಲಿ. ಮೇಲೆ ಭತ್ತದ ಹುಲ್ಲನ್ನು ಸೂರಿನ ಹಾಗೆ ಹೊದಿಸಿ. ಟಾರ್ಪಾಲು ಹಾಕಿದರೆ ಮಗ್ಗುಲಲ್ಲಿ ಗಾಳಿ ಬಿಡಿ. ಸುತ್ತ ಬಿಗಿದರೆ ಒಳಗೆ ಬೆವರಿ ಬೂಷ್ಟಾಗುತ್ತೆ. ಹೇ ಹುಲ್ಲನ್ನಂತೂ ಕೊಟ್ಟಿಗೆ ಅಟ್ಟದ ಮೇಲೆ, ಮಳೆ ತಾಗದ ಕಡೆ ಇಡಿ.

ಹಾಕುವ ಅಳತೆ

ದಿನಕ್ಕೆ ಹತ್ತು ಲೀಟರು ಕೊಡುವ, 400 ಕಿಲೋ ತೂಕದ ಹಸುವಿಗೆ ಹಸಿ ಮೇವು 15 ಕಿಲೋ, ರಾಗಿ ಹುಲ್ಲು ಎರಡು ಮೂರು ಕಿಲೋ, ಹೇ ಹುಲ್ಲು ಮೂರು ಕಿಲೋ, ಹಾಲಿಗೆ ತಕ್ಕ ಹಿಂಡಿ, ಸ್ವಲ್ಪ ಖನಿಜ ಮಿಶ್ರಣ, ಬೇಕಾದಷ್ಟು ನೀರು. ಒಂದೇ ದಿನ ಮೇವು ಬದಲಿಸಬೇಡಿ, ಹತ್ತು ದಿನದಲ್ಲಿ ನಿಧಾನ ಬದಲಿಸಿ. ಹುಲ್ಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿ ಹಾಕಿದರೆ ಕಾಲ ಕೆಳಗೆ ತುಳಿದು ಹಾಳಾಗೋದು ತಪ್ಪುತ್ತೆ. ಪುಡಿ ಮಾಡಬೇಡಿ, ಮೆಲುಕಿಗೆ ಉದ್ದ ಬೇಕು.

ಹೇ ಹುಲ್ಲು ಇಲ್ಲದವರು ಭತ್ತದ ಹುಲ್ಲನ್ನೋ ರಾಗಿ ಹುಲ್ಲನ್ನೋ ಯೂರಿಯಾ ಉಪಚಾರ ಮಾಡಿಕೊಳ್ಳಬಹುದು. 100 ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ, 50 ಲೀಟರು ನೀರು. ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದ ಹಾಗೆ ಮುಚ್ಚಿ ಮೂರು ವಾರ ಬಿಡಿ. ತೆಗೆದು ಗಾಳಿಗೆ ಹರಡಿ ಘಾಟು ಹೋದ ಮೇಲೆ ಹಾಕಿ. ಆರು ತಿಂಗಳ ಒಳಗಿನ ಕರುಗಳಿಗೆ ಬೇಡ. ಯೂರಿಯಾ ನೀರು ದನದ ಬಾಯಿಗೆ ಸಿಗುವ ಹಾಗೆ ಇಟ್ಟರೆ ಜೀವ ಹೋಗುತ್ತೆ. ಅಳತೆ ತಪ್ಪುವವರು ಈ ಕೆಲಸಕ್ಕೆ ಕೈ ಹಾಕಬಾರದು.

ನನ್ನದೇ ತಪ್ಪು

ಇಷ್ಟೆಲ್ಲ ಹೇಳುವ ಇವನು ತಾನೇನು ಮಾಡಿದ ಅಂತ ನೀವು ಕೇಳಬೇಕು. ಹೇಳುತ್ತೇನೆ.

2016ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ನಮ್ಮ ಹೊಲದ ರಾಗಿ ಅರ್ಧಕ್ಕರ್ಧ. ಬಂದ ಹುಲ್ಲು ಒಂದು ಸಣ್ಣ ಮೆದೆ. ಕೊಟ್ಟಿಗೆಯಲ್ಲಿ ಮೂರು ಹಸು. ನವೆಂಬರಿನಲ್ಲಿ ನೋಟು ರದ್ದಾಗಿ ಕೈಯಲ್ಲಿ ಕಾಸಿರಲಿಲ್ಲ. ಡಿಸೆಂಬರಿನಲ್ಲಿ ಒಬ್ಬ ವ್ಯಾಪಾರಿ ಹೊಸ ನೋಟು ಹಿಡಿದುಕೊಂಡು ಬಂದ. ಯಾವತ್ತೂ ಇಲ್ಲದ ಬೆಲೆ ಹೇಳಿದ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ, ಅದು ದನಗಳ ಪಾಲು. ಅವುಗಳ ಪಾಲು ಮಾರಿ ನಾವೇನು ಉಣ್ಣೋಣ?" ಅಂದಳು. "ನಿನಗೇನು ಗೊತ್ತು, ಯುಗಾದಿಗೆ ಮಳೆ ಆಗುತ್ತೆ, ಹುಲ್ಲು ಚಿಗುರುತ್ತೆ" ಅಂತ ಮಾರಿದೆ. ನೂರು ಊರಿನಲ್ಲಿ ಮೇವು ಉಳಿಸಿ ಅಂತ ಭಾಷಣ ಮಾಡಿದವನು ನಾನೇ.

ಯುಗಾದಿ ಬಂತು, ಮಳೆ ಬರಲಿಲ್ಲ. ಏಪ್ರಿಲಿನಲ್ಲಿ ನಾನು ಮಾರಿದ್ದಕ್ಕೆ ಎರಡರಷ್ಟು ಬೆಲೆ ಕೊಡುತ್ತೇನೆ ಅಂದರೂ ಹುಲ್ಲು ಸಿಗಲಿಲ್ಲ. ಬಾಳೆದಿಂಡು, ಕಬ್ಬಿನ ಸೋಗೆ, ಆಲದ ಸೊಪ್ಪು ಹಾಕಿ ಕಾಲ ತಳ್ಳಿದೆ. ಒಂಬತ್ತು ಲೀಟರು ಕೊಡುತ್ತಿದ್ದ ಹಸು ನಾಲ್ಕಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಏಳು ತಿಂಗಳ ಗಬ್ಬದ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದೆ. ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಹಸು ಅದು. ಬಂದ ಹಣ ಎಣಿಸಿಕೊಂಡು ಬಂದು ಮನೆಯಲ್ಲಿ ಕೊಟ್ಟೆ. ಅವಳು ಮುಟ್ಟಲಿಲ್ಲ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಲೆಕ್ಕ ಹಾಕದೆ ಒಂದು ಹೊರೆ ಹುಲ್ಲೂ ಹೊರಗೆ ಹೋಗಲ್ಲ. ಲೆಕ್ಕ ಹಾಕೋದು ಅವಳು.

2023ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮೇವು ಹೊರರಾಜ್ಯಕ್ಕೆ ಹೋಗದಂತೆ ನಿರ್ಬಂಧ ಬಂತು. ಆ ಬೇಸಿಗೆಯಲ್ಲಿ ನಮ್ಮ ಮನೆಯಿಂದ ಒಂದು ಕರುವೂ ಸಂತೆಗೆ ಹೋಗಲಿಲ್ಲ. ಜಾಣತನದಿಂದಲ್ಲ, ಹಿಂದಿನ ಪೆಟ್ಟಿನಿಂದ.

ಒಂದು ಹಸುವಿನ ಲೆಕ್ಕ

ಲೆಕ್ಕ ಸುಲಭ. ಹೇ ಹುಲ್ಲು ದಿನಕ್ಕೆ ಮೂರು ಕಿಲೋ, ಫೆಬ್ರವರಿಯಿಂದ ಮೇವರೆಗೆ 120 ದಿನ. ಒಟ್ಟು 360 ಕಿಲೋ. ಒಂದು ಕಿಲೋಗೆ ನಾಲ್ಕು ಕಿಲೋಗಿಂತ ಸ್ವಲ್ಪ ಹೆಚ್ಚು ಹಸಿ ಮೇವು ಬೇಕು, ಅಂದರೆ 1,500 ಕಿಲೋ. ನೀರು ಗೊಬ್ಬರ ಸರಿಯಾಗಿದ್ದರೆ ಅಲಸಂದೆ ಎಕರೆಗೆ ಹತ್ತು ಟನ್, ಗುಂಟೆಗೆ 250 ಕಿಲೋ. ಹಾಗಾದರೆ ಒಂದು ಹಸುವಿಗೆ ಆರು ಗುಂಟೆ. ಮಳೆಯಾಶ್ರಯ ಅಂದರೆ ಹನ್ನೆರಡು ಗುಂಟೆ ಅಂದುಕೊಳ್ಳಿ.

ರಾಗಿ ಹುಲ್ಲಿನದು ಬೇರೆ ಲೆಕ್ಕ. ಹೇ ಹುಲ್ಲು ಇಲ್ಲದ ಮನೆಯಲ್ಲಿ ದಿನಕ್ಕೆ ಐದು ಕಿಲೋ, ಜನವರಿಯಿಂದ ಜೂನ್‌ವರೆಗೆ 180 ದಿನ, 900 ಕಿಲೋ. ಒಳ್ಳೆಯ ಬೆಳೆ ಬಂದರೆ ಎಕರೆಗೆ ಸುಮಾರು ಎರಡು ಟನ್ ಹುಲ್ಲು. ಅಂದರೆ ಒಂದು ಎಕರೆ ಎರಡು ಹಸು. ಅದಕ್ಕಿಂತ ಹೆಚ್ಚಿದ್ದರೆ ಮಾರಿ, ಯಾರೂ ಬೇಡ ಅನ್ನಲ್ಲ. ಇನ್ನು ಕೊಯ್ಲಿನ ದೊಡ್ಡ ಮಿಷನ್ ಬಂದ ಮೇಲೆ ಕೂಲಿಯ ಕಷ್ಟ ತಪ್ಪಿತು, ನಿಜ. ಆದರೆ ಅರ್ಧ ಹುಲ್ಲು ಕೂಳೆಯಾಗಿ ಹೊಲದಲ್ಲೇ ಉಳಿಯುತ್ತೆ, ಚಕ್ರದ ಕೆಳಗೆ ತುಳಿದುಹೋಗುತ್ತೆ. ಮಿಷನ್ ಕರೆಸುವಾಗ ಹುಲ್ಲಿನ ನಷ್ಟವನ್ನೂ ಬಾಡಿಗೆಗೆ ಸೇರಿಸಿ ನೋಡಿ. ಕರೆಸಿದವರು ಹಿಂದೆಯೇ ಹುಲ್ಲು ಒಟ್ಟುಮಾಡಿ ಪೆಂಡಿ ಕಟ್ಟಿಸಿ. ಕೂಳೆಗೆ ಬೆಂಕಿಯಂತೂ ಇಡಲೇಬೇಡಿ.

ಕೊನೆಗೆ ಸಂಘಕ್ಕೆ ಮೂರು ಬಿನ್ನಹ. ಒಂದು, ಈ ವರ್ಷದ ಲಾಭದಲ್ಲಿ ಒಂದು ಮೇವು ಕತ್ತರಿಸುವ ಮಿಷನ್, ನಾಲ್ಕು ಟಾರ್ಪಾಲು ಕೊಂಡು ಸದಸ್ಯರಿಗೆ ಸಣ್ಣ ಬಾಡಿಗೆಗೆ ಕೊಡಿ. ಎರಡು, ಸಂಘದ ಮುಂದಿನ ಸಿಮೆಂಟ್ ಅಂಗಳ ನವೆಂಬರ್, ಡಿಸೆಂಬರಿನಲ್ಲಿ ಹಗಲೆಲ್ಲ ಖಾಲಿ ಇರುತ್ತೆ. ತಾರಸಿ ಇಲ್ಲದ ಮನೆಯವರಿಗೆ ಸರದಿಯಂತೆ ಹುಲ್ಲು ಒಣಗಿಸಲು ಬಿಡಿ. ಮೂರು, ಸಂಕ್ರಾಂತಿಗೆ ಮುಂಚೆ ಒಂದು ದಿನ ಊರಿನ ದನ ಎಷ್ಟು, ಮೆದೆ ಎಷ್ಟು ಅಂತ ಸಂಘದ ಪುಸ್ತಕದಲ್ಲಿ ಬರೆಯಿರಿ. ಹಾಲಿನ ಲೆಕ್ಕ ದಿನಕ್ಕೆರಡು ಸಲ ಬರೆಯುವ ನಾವು ಹುಲ್ಲಿನ ಲೆಕ್ಕ ವರ್ಷಕ್ಕೊಂದು ಸಲ ಬರೆಯಲಾರೆವಾ? ಹೆಚ್ಚಿದ್ದವರು ಹೊರಗಿನ ವ್ಯಾಪಾರಿಗೆ ಕೊಡುವ ಮುಂಚೆ ಊರಿನಲ್ಲಿ ಕಡಿಮೆ ಇರುವವರನ್ನು ಕೇಳಲಿ. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಆಗೋದು ಬೇಡ.

ಸಂಘ ಅಂದರೆ ಹಾಲು ಅಳೆಯುವ ಕಟ್ಟಡ ಅಲ್ಲ. ಒಬ್ಬರ ಹಸು ಸಂತೆಗೆ ಹೋಗದ ಹಾಗೆ ಇನ್ನೊಬ್ಬರು ನೋಡಿಕೊಳ್ಳೋದು ಸಂಘ. ಮುಂದಿನ ಬೇಸಿಗೆಗೆ ಈ ಊರಿನ ಯಾವ ಕೊಟ್ಟಿಗೆಯಲ್ಲೂ ಖಾಲಿ ಗೂಟ ಕಾಣದೆ ಇರಲಿ. ಈಗ ಮಳೆ ಹದವಾಗಿದೆ, ಹೊಲಕ್ಕೆ ಹೋಗಿ ಆರು ಗುಂಟೆ ಅಳೆದು ಬನ್ನಿ. ಅಳೆಯುವಾಗ ಮನೆಯಲ್ಲಿ ಸಗಣಿ ಬಾಚುವ ತಾಯಂದಿರನ್ನೂ ಒಂದು ಮಾತು ಕೇಳಿ. ಗೋದಲಿಯ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.